ಗಟಾರದೊಳಗಿನ ಕಣ್ಣು: ತಂತಿ ಬೇಕೋ, ಬೇಡವೋ?

ಹರಿಹರದಿಂದ ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. 1956ರ ಏಕೀಕರಣದವರೆಗೆ ಹೊಳೆಯ ಆಚೆ ದಡ ಮೈಸೂರು ಸೀಮೆ, ಈಚೆ ದಡ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆ. ಗಡಿ ಅಳಿಸಿದರೂ ಮಾತು ಪೂರ್ತಿ ಬೆರೆತಿಲ್ಲ. ಆ ಕಡೆ ‘ಚರಂಡಿ’, ‘ಮೋರಿ’ ಎಂದರೆ ಈ ಕಡೆ ‘ಗಟಾರ’. ಹೆಸರು ಯಾವುದಾದರೇನು, ಕಟ್ಟಿಕೊಂಡಾಗ ಬರುವ ನಾತ ಮಾತ್ರ ಒಂದೇ.

ಗಟಾರದ ಬಾಯಿ ಎಂದರೇನು ಎಂಬುದು ಈ ಊರಿಗೆ ಚೆನ್ನಾಗಿ ಗೊತ್ತು. 1970ರ ದಶಕದಲ್ಲಿ ಇಲ್ಲಿ ನೀಲಗಿರಿ ಮರದ ತಿರುಳಿನಿಂದ ಕೃತಕ ನೂಲಿನ ಕಚ್ಚಾವಸ್ತು ತಯಾರಿಸುವ ಕಾರ್ಖಾನೆ ಬಂತು. 1980ರ ದಶಕದಲ್ಲಿ ಹೊಳೆಗೆ ಸೇರುವ ತ್ಯಾಜ್ಯ ನೀರಿನ ವಿರುದ್ಧ ನದಿಯಂಚಿನ ಹಳ್ಳಿಗರೂ ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆಗಳೂ ದನಿ ಎತ್ತಿದವು. ನಾಡಿನ ಪರಿಸರ ಚಳವಳಿಯಲ್ಲಿ ಅದೊಂದು ಮುಖ್ಯ ಅಧ್ಯಾಯ. ಆ ಹೋರಾಟಕ್ಕೆ ಬಲ ಬಂದದ್ದಕ್ಕೆ ಒಂದು ಸರಳ ಕಾರಣವೂ ಉಂಟು: ಹೊಳೆಗೆ ಬಂದು ಬೀಳುವ ನೀರು ಎಲ್ಲರ ಕಣ್ಣಿಗೆ ಕಾಣುತ್ತಿತ್ತು.

ಮನೆಯ ಬಚ್ಚಲಿನಿಂದ ಹೊರಟ ನೀರು ಹಾಗಲ್ಲ. ಅದು ನೆಲದಡಿಯ ಕೊಳವೆ ಸೇರಿದ ಮೇಲೆ ಎಲ್ಲಿ ಹೋಯಿತು, ಎಲ್ಲಿ ನಿಂತಿತು ಎಂದು ಹೇಳುವವರಿಲ್ಲ. ಈ ಕತ್ತಲೆಯೊಳಗೆ ಇಣುಕಲು ಈಗ ಬೆರಳ ಗಾತ್ರದ ಕ್ಯಾಮೆರಾಗಳು ಪೇಟೆಗೆ ಬಂದಿವೆ. ಅಂಗಡಿಯವರು ಎರಡು ಬಗೆ ತೋರಿಸುತ್ತಾರೆ. ಒಂದು ತಂತಿಯದು, ಇನ್ನೊಂದು ನಿಸ್ತಂತು, ಅಂದರೆ ವೈರ್‌ಲೆಸ್. ಯಾವುದನ್ನು ಕೊಳ್ಳಬೇಕು? ಪ್ರಶ್ನೆ ಚಿಕ್ಕದು. ಆದರೆ ಗಟಾರದೊಳಗೆ ನೋಡುವ ಕೆಲಸವನ್ನು ಇದುವರೆಗೆ ಯಾರು, ಹೇಗೆ ಮಾಡುತ್ತ ಬಂದರು ಎಂದು ತಿಳಿದರೆ ಉತ್ತರ ಸುಲಭವಾಗುತ್ತದೆ.

ತೆರೆದದ್ದು ಮುಚ್ಚಿದಾಗ

ತೆರೆದ ಗಟಾರಕ್ಕೆ ಕ್ಯಾಮೆರಾ ಬೇಕಿರಲಿಲ್ಲ. ಹಳೆಯ ಮನೆಗಳಲ್ಲಿ ಬಚ್ಚಲ ನೀರು ಕಲ್ಲಿನ ದೋಣಿಯಲ್ಲಿ ಹರಿದು ಹಿತ್ತಲಿನ ಬಾಳೆ, ಕೆಸುವಿನ ಬುಡ ಸೇರುತ್ತಿತ್ತು. ಎಲ್ಲಿ ಕಟ್ಟಿದರೂ ಮನೆಯಾಕೆ ಬಾರಿಗೆಯ ಹಿಡಿಯಿಂದ ತಿವಿದು ಬಿಡಿಸುತ್ತಿದ್ದಳು. ಕೊಳೆ ಕಣ್ಣೆದುರಿಗೇ ಇರುತ್ತಿತ್ತು, ಸೊಳ್ಳೆಯೂ ಇರುತ್ತಿತ್ತು.

ಕಷ್ಟ ಆರಂಭವಾದದ್ದು ಗಟಾರವನ್ನು ಮುಚ್ಚಿದ ಮೇಲೆ. ಮುಚ್ಚಿದವರು ಇಣುಕುವ ದಾರಿಯನ್ನೂ ಇಡಬೇಕಾಯಿತು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮೊಹೆಂಜೊದಾರೊದಲ್ಲಿ ಬೀದಿ ಗಟಾರಗಳ ಮೇಲೆ ಹಾಸಿದ್ದ ಇಟ್ಟಿಗೆ, ಕಲ್ಲುಗಳನ್ನು ಎತ್ತಿ ಹೂಳು ತೆಗೆಯಬಹುದಾಗಿತ್ತು. ನಮ್ಮಲ್ಲೇ ವಿಜಯಪುರಕ್ಕೆ ಹೋದರೆ ಇನ್ನೊಂದು ಉದಾಹರಣೆ ಸಿಗುತ್ತದೆ. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳಿದ್ದವು. ನೀರಿನ ಒತ್ತಡ ತಗ್ಗಿಸುವುದು, ಹೂಳು ತಳಕ್ಕೆ ಇಳಿಯಲು ಎಡೆ ಕೊಡುವುದು ಅವುಗಳ ಕೆಲಸ. ಬೀದರಿನ ನೌಬಾದ್ ಬಳಿ ಬಹಮನಿಗಳ ಕಾಲದ ಕರೇಜ್ ಎಂಬ ಸುರಂಗ ಕಾಲುವೆಯುದ್ದಕ್ಕೂ ಬಾವಿಯಂಥ ಕಂಡಿಗಳಿವೆ. ಗಾಳಿ, ಬೆಳಕು, ರಿಪೇರಿ ಮಾಡುವ ಜನ ಎಲ್ಲರಿಗೂ ಅದೇ ದಾರಿ.

ಇವೆಲ್ಲ ಸಿಹಿನೀರಿನ ಮಾರ್ಗಗಳು, ನಿಜ. ಆದರೆ ಪಾಠ ಒಂದೇ. ನೆಲದಡಿ ನೀರು ಹರಿಸುವವನು ಮೇಲಿನಿಂದ ನೋಡುವ ಕಂಡಿಯನ್ನೂ ಬಿಟ್ಟಿರಬೇಕು. ಇಂದಿನ ಮನೆ ಕಟ್ಟುವವರು ಎಷ್ಟೋ ಸಲ ಇದನ್ನು ಮರೆಯುತ್ತಾರೆ. ಅಂಗಳಕ್ಕೆ ಟೈಲ್ಸ್ ಹಾಕುವಾಗ ಚೇಂಬರಿನ ಮುಚ್ಚಳ ಅಂದಗೆಡಿಸುತ್ತದೆಂದು ಅದನ್ನೂ ಮುಚ್ಚಿಬಿಡುತ್ತಾರೆ. ಮುಂದೆ ಕ್ಯಾಮೆರಾ ತಂದರೂ ಇಳಿಸಲು ಬಾಯಿಯೇ ಇರುವುದಿಲ್ಲ.

ದೀಪ, ಕನ್ನಡಿ, ಚೆಂಡು

ನಮ್ಮ ನಗರಗಳು ಕೊಳಚೆಯ ಬಗ್ಗೆ ಗಂಭೀರವಾಗಿ ಯೋಚಿಸುವಂತೆ ಮಾಡಿದ್ದು ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ಮಾರಿ 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳನ್ನು ತಟ್ಟಿತು. ಅದರ ಬೆನ್ನಲ್ಲೇ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಹಿಂದೆ ಓಣಿಗಳನ್ನು ಬಿಟ್ಟರು. ಮಲ ಹೊರುವವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದುಹೋಗಲಿ ಎಂಬುದು ಆ ಓಣಿಗಳ ಉದ್ದೇಶ. ಬೆಂಗಳೂರಿನಲ್ಲಿ ಒಳಚರಂಡಿ ಆರಂಭವಾದದ್ದು 1922ರಲ್ಲಿ. ಬೆಂಗಳೂರಿನ ಹೊರಗಿನ ಪಟ್ಟಣಗಳಿಗಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ರಚನೆಯಾದದ್ದು 1975ರಲ್ಲಿ.

ಕೊಳವೆ ಹೂತ ಮೇಲೆ ಅದು ನೆಟ್ಟಗಿದೆಯೇ ಎಂದು ತಿಳಿಯಲು ಎಂಜಿನಿಯರುಗಳು ಸರಳ ಉಪಾಯಗಳನ್ನು ಬಳಸಿದರು. ಕಟ್ಟಡ ನಿರ್ಮಾಣದ ಪಠ್ಯಗಳಲ್ಲಿ ಇವು ಇಂದಿಗೂ ಇವೆ. ಒಂದು ಗುಂಡಿಯಲ್ಲಿ ದೀಪ, ಮುಂದಿನ ಗುಂಡಿಯಲ್ಲಿ ಓರೆಯಾಗಿ ಹಿಡಿದ ಕನ್ನಡಿ. ಕನ್ನಡಿಯಲ್ಲಿ ಬೆಳಕಿನ ಪೂರ್ಣ ವೃತ್ತ ಕಂಡರೆ ಕೊಳವೆ ನೆಟ್ಟಗಿದೆ ಎಂದರ್ಥ. ವೃತ್ತ ಅರೆಯಾಗಿ ಕಂಡರೆ ನಡುವೆ ಎಲ್ಲೋ ಕುಸಿದಿದೆ ಅಥವಾ ಕಸ ನಿಂತಿದೆ. ಕೊಳವೆಯ ವ್ಯಾಸಕ್ಕಿಂತ ಅರ್ಧ ಇಂಚು ಕಡಿಮೆ ಗಾತ್ರದ ಚೆಂಡನ್ನು ಉರುಳಿಬಿಡುವುದು ಇನ್ನೊಂದು ಉಪಾಯ. ಕೆಳಗಿನ ತುದಿಯಲ್ಲಿ ಚೆಂಡು ಹೊರಬಿದ್ದರೆ ದಾರಿ ಸುಗಮ. ಸೋರುವ ಕಡೆ ಹುಡುಕಲು ಕೊಳವೆಗೆ ಹೊಗೆ ತುಂಬುತ್ತಿದ್ದರು.

ಎಲ್ಲಕ್ಕಿಂತ ಮೋಜಿನದು ಪಾಶ್ಚಾತ್ಯ ದೇಶಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯುತ್ತಿದ್ದ ಪೆಪ್ಪರ್‌ಮಿಂಟ್ ಪರೀಕ್ಷೆ. ಮಾಳಿಗೆಯ ಮೇಲಿಂದ ಕೊಳವೆಗೆ ಪೆಪ್ಪರ್‌ಮಿಂಟ್ ಎಣ್ಣೆ ಸುರಿದು, ಕೆಳಗೆ ಕೋಣೆ ಕೋಣೆಯಲ್ಲಿ ಇನ್ನೊಬ್ಬ ಮೂಸಿ ನೋಡುವುದು. ಪರಿಮಳ ಬಂದ ಕಡೆ ಬಿರುಕು. ಎಣ್ಣೆ ಸುರಿದವನ ಮೈಯೆಲ್ಲ ಅದೇ ವಾಸನೆಯಾದ್ದರಿಂದ ಪರೀಕ್ಷೆ ಮುಗಿಯುವ ತನಕ ಅವನು ಮನೆಯೊಳಗೆ ಬರುವಂತಿರಲಿಲ್ಲ.

ಇವೆಲ್ಲ ‘ಏನೋ ತೊಂದರೆಯಿದೆ’ ಎಂದು ಹೇಳುತ್ತಿದ್ದವು. ‘ಇಂಥಲ್ಲಿ, ಇಂಥದೇ ತೊಂದರೆ’ ಎಂದು ಹೇಳುತ್ತಿರಲಿಲ್ಲ. ಅದನ್ನು ತಿಳಿಯಲು ಮನುಷ್ಯನೇ ಇಳಿಯಬೇಕಿತ್ತು.

ಆಳುಗುಂಡಿ

ಇಂಗ್ಲಿಷಿನ ‘ಮ್ಯಾನ್‌ಹೋಲ್’ ಎಂಬುದಕ್ಕೆ ಕನ್ನಡದಲ್ಲಿ ‘ಆಳುಗುಂಡಿ’ ಎಂದರು. ನಮ್ಮ ಭಾಷೆಯಲ್ಲಿ ಆಳು ಎಂದರೆ ಮನುಷ್ಯನೂ ಹೌದು, ಕೂಲಿಯವನೂ ಹೌದು. ಅನುವಾದಿಸಿದವರು ಉದ್ದೇಶಿಸಿದ್ದರೋ ಇಲ್ಲವೋ, ಸಂಗತಿ ಮಾತ್ರ ಅದರಲ್ಲಿ ಅಡಗಿದೆ. ಗುಂಡಿಗೆ ಇಳಿದವನು ಊರಿನ ಯಾವನೋ ಮನುಷ್ಯನಲ್ಲ, ಒಂದು ಜಾತಿಯ ಆಳು.

ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲೇ, ದೇವರಾಜ ಅರಸು ಸಂಪುಟದ ಸಚಿವರಾಗಿದ್ದಾಗ ಕ್ರಮ ಕೈಗೊಂಡರು. ಒಣ ಕಕ್ಕಸುಗಳನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದದ್ದು 1993ರಲ್ಲಿ. ಆದರೆ 2010ರ ಜುಲೈ 20ರಂದು ಇದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಕಚೇರಿಯ ಎದುರು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ತಲೆಮಾರುಗಳಿಂದ ವಾಸವಿದ್ದ ಜಾಗದಿಂದ ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಅದು ಅವರ ಪ್ರತಿಭಟನೆ. ಊರಿನ ಹೊಲಸನ್ನು ಇಷ್ಟು ವರ್ಷ ಹೊತ್ತ ತಮ್ಮ ಕಡೆ ಊರು ಒಮ್ಮೆ ತಿರುಗಿ ನೋಡಲಿ ಎಂದು ಅವರು ಆ ಹೊಲಸನ್ನೇ ಬೆಳಕಿಗೆ ತಂದರು. ನಾಡು ತಲೆ ತಗ್ಗಿಸಿತು.

ಆಮೇಲೆ 2013ರಲ್ಲಿ ಹೊಸ ಕಾಯಿದೆ ಬಂತು. ಸುರಕ್ಷಾ ಸಾಧನಗಳಿಲ್ಲದೆ ಯಾರನ್ನೇ ಆಗಲಿ ಒಳಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಸೆರೆ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಪುರಸಭೆಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. 1993ರಿಂದ ಈಚೆಗೆ ಒಳಚರಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ.

ಕೊಲ್ಲುವುದು ಕೆಸರಲ್ಲ, ಗಾಳಿ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನಾತ ಹೋಯಿತೆಂದರೆ ಅಪಾಯ ಹೋಯಿತೆಂದಲ್ಲ. ಬಾವಿಗೆ ಇಳಿಯುವ ಮುನ್ನ ಕಂದೀಲು ಇಳಿಬಿಟ್ಟು ನೋಡುವ ಹಳೆಯ ರೂಢಿಯೂ ಇಲ್ಲಿ ನಡೆಯದು. ಮಲದ ಗುಂಡಿಯಲ್ಲಿ ಹುಟ್ಟುವ ಮೀಥೇನ್ ಬೆಂಕಿ ತಾಗಿದರೆ ಸಿಡಿಯುತ್ತದೆ.

ಹೊಟ್ಟೆಯಿಂದ ಕೊಳವೆಗೆ

ಗಟಾರದ ಕ್ಯಾಮೆರಾ ಹುಟ್ಟಿದ ಬಗೆ ತಿಳಿಯಲು ವೈದ್ಯರ ಕಡೆ ನೋಡಬೇಕು. ಕತ್ತಲೆಯ ಕೊಳವೆಯೊಳಗೆ ನೋಡುವ ಕಷ್ಟ ಅವರಿಗೂ ಇತ್ತು. 1806ರಲ್ಲಿ ಜರ್ಮನಿಯ ಫಿಲಿಪ್ ಬೊಜ್ಜಿನಿ ಎಂಬ ವೈದ್ಯ ಮೇಣದ ಬತ್ತಿ ಮತ್ತು ಕನ್ನಡಿ ಬಳಸಿ ದೇಹದೊಳಗೆ ಇಣುಕುವ ಸಾಧನ ಮಾಡಿದ. ಎಂಜಿನಿಯರುಗಳ ದೀಪ ಕನ್ನಡಿಯ ಉಪಾಯವೇ ಅದು. 1868ರಲ್ಲಿ ಅಡಾಲ್ಫ್ ಕುಸ್‌ಮೌಲ್ ಜಠರವನ್ನು ನೋಡಲು ನೇರ ಲೋಹದ ಕೊಳವೆ ಬಳಸಿದಾಗ ಅದನ್ನು ನುಂಗಲು ಸಿಕ್ಕವನು ಕತ್ತಿ ನುಂಗುವ ಜಾತ್ರೆಯ ಕಲಾವಿದ. ಬಳುಕುವ ಗಾಜಿನ ಎಳೆಗಳ ಮೂಲಕ ಚಿತ್ರ ಸಾಗಿಸಬಹುದೆಂದು ಪಂಜಾಬಿನ ನರಿಂದರ್ ಸಿಂಗ್ ಕಪಾನಿ, ಹೆರಾಲ್ಡ್ ಹಾಪ್ಕಿನ್ಸರ ಜತೆಗೂಡಿ 1954ರಲ್ಲಿ ತೋರಿಸಿದರು.

ಒಳಚರಂಡಿಗೆ ಟೆಲಿವಿಷನ್ ಕ್ಯಾಮೆರಾ ಇಳಿದದ್ದೂ 1950ರ ದಶಕದಲ್ಲೇ, ಯೂರೋಪಿನಲ್ಲಿ. ಆಗಿನ ಕ್ಯಾಮೆರಾದ ಒಳಗೆ ಗಾಜಿನ ನಿರ್ವಾತ ನಳಿಕೆ ಇರುತ್ತಿದ್ದುದರಿಂದ ಅದು ಭಾರಿ ಗಾತ್ರದ್ದು. ನಗರದ ದೊಡ್ಡ ಕೊಳವೆಗಳಿಗೆ ಹೊಂದುತ್ತಿತ್ತು, ಮನೆಯ ಕೊಳವೆಗಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿಲಿಕಾನ್ ಬಿಲ್ಲೆಯನ್ನು ರೂಪಿಸಿದರು. ಅದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಬಂತು. ಮುಂದೆ ಮೊಬೈಲ್ ಫೋನುಗಳಿಗಾಗಿ ಇಂಥ ಬಿಲ್ಲೆಗಳು ಕೋಟಿಗಟ್ಟಲೆ ತಯಾರಾದಾಗ ಕ್ಯಾಮೆರಾ ಬೆರಳ ತುದಿಯಷ್ಟಾಯಿತು, ಅಗ್ಗವೂ ಆಯಿತು. ಇಂದು ಪೇಟೆಯಲ್ಲಿ ಸಿಗುವ ಗಟಾರದ ಕಣ್ಣು ಆ ಮೊಬೈಲಿನದೇ ದಾಯಾದಿ.

ಅಲೆಗೆ ದಾರಿ ಎಲ್ಲಿದೆ?

ಹಾಗಾದರೆ ತಂತಿಯೇ ಇಲ್ಲದ ಕ್ಯಾಮೆರಾವನ್ನು ಕೊಳವೆಗೆ ಬಿಡಬಹುದಲ್ಲ? ವೈದ್ಯರು ಅದನ್ನೂ ಮಾಡಿದ್ದಾರೆ. ಗುಳಿಗೆಯಂತೆ ನುಂಗುವ ಕ್ಯಾಮೆರಾದ ವಿವರ 2000ದಲ್ಲಿ ಪ್ರಕಟವಾಯಿತು, 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದು ಕರುಳಿನುದ್ದಕ್ಕೂ ಚಿತ್ರಗಳನ್ನು ಹೊರಗೆ ಕಳಿಸುತ್ತ ಸಾಗುತ್ತದೆ.

ಆದರೆ ಹೊಟ್ಟೆಗೂ ಗಟಾರಕ್ಕೂ ಮೂರು ವ್ಯತ್ಯಾಸಗಳಿವೆ. ಹೊಟ್ಟೆಯಲ್ಲಿ ಗುಳಿಗೆಯನ್ನು ಕರುಳೇ ಮುಂದೆ ತಳ್ಳುತ್ತದೆ, ಕಟ್ಟಿಕೊಂಡ ಗಟಾರದಲ್ಲಿ ತಳ್ಳುವವರಿಲ್ಲ. ಗುಳಿಗೆ ತಾನಾಗಿ ಹೊರಬರುತ್ತದೆ, ಗಟಾರಕ್ಕೆ ಬಿಟ್ಟದ್ದು ಕಟ್ಟಿದ ಕಸದ ಜತೆಗೆ ತಾನೂ ಸೇರಿ ಇನ್ನಷ್ಟು ಕಟ್ಟುತ್ತದೆ. ಗುಳಿಗೆಯ ಸಂಕೇತ ಹಿಡಿಯುವ ಪಟ್ಟಿಗಳನ್ನು ರೋಗಿಯ ಮೈಮೇಲೇ, ಕೆಲವೇ ಅಂಗುಲಗಳ ಅಂತರದಲ್ಲಿ ಕಟ್ಟಿರುತ್ತಾರೆ. ಗಟಾರ ನಾಲ್ಕಡಿ ಆಳದಲ್ಲಿ, ಹಸಿ ಮಣ್ಣಿನಡಿ ಇರುತ್ತದೆ.

ಮುಖ್ಯ ತೊಡಕು ಈ ಹಸಿಯೇ. ಚಲಿಸುವ ಚಿತ್ರ ಸಾಗಿಸಲು ಸೆಕೆಂಡಿಗೆ ಬಹಳಷ್ಟು ಮಾಹಿತಿ ಹೋಗಬೇಕು. ಅದಕ್ಕೆ ವೈ-ಫೈ ಬಳಸುವಂಥ ಎತ್ತರದ ಆವರ್ತನದ ಅಲೆಗಳು ಬೇಕು. ಆದರೆ ಅಂಥ ಅಲೆಯನ್ನು ನೀರು ಹೀರಿಕೊಳ್ಳುತ್ತದೆ. ಸಾಮಾನ್ಯ ವೈ-ಫೈ ಮತ್ತು ಅಡುಗೆಮನೆಯ ಮೈಕ್ರೋವೇವ್ ಒಲೆ ಎರಡೂ ಹೆಚ್ಚುಕಡಿಮೆ ಒಂದೇ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಒಲೆಯಲ್ಲಿ ಸಾರು ಬಿಸಿಯಾಗುವುದು ಅದರ ನೀರು ಅಲೆಯನ್ನು ಹೀರುವುದರಿಂದ. ನೀರು ತುಂಬಿದ ಕೊಳವೆಯಲ್ಲೂ ಮುಂಗಾರಿನ ನೆಲದಲ್ಲೂ ಆಗುವುದು ಅದೇ. ಹಳೆಯ ಮನೆಯ ಬೀಡುಕಬ್ಬಿಣದ ಕೊಳವೆಯಾದರೆ ಅಲೆ ಲೋಹವನ್ನು ದಾಟಲಾರದು.

ಹೀಗಾಗಿ ಅಂಗಡಿಯಲ್ಲಿ ‘ವೈರ್‌ಲೆಸ್’ ಎಂದು ಮಾರುವ ಕ್ಯಾಮೆರಾವನ್ನು ಬಿಚ್ಚಿ ನೋಡಿ, ಅದಕ್ಕೂ ತಂತಿ ಇರುತ್ತದೆ. ಕೊಳವೆಗೆ ಇಳಿಯುವ ಕಣ್ಣಿನಿಂದ ಹೊರಗಿನ ಪುಟ್ಟ ಪೆಟ್ಟಿಗೆಯವರೆಗೆ ತಂತಿ. ಪೆಟ್ಟಿಗೆಯಿಂದ ನಿಮ್ಮ ಕೈಯಲ್ಲಿರುವ ಫೋನಿಗೆ ಮಾತ್ರ ವೈ-ಫೈ. ಅಂದರೆ ನಿಸ್ತಂತುವಾಗಿರುವುದು ಒಂದೆರಡು ಮಾರು ಬಯಲು ಗಾಳಿ ಅಷ್ಟೇ. ಗಟಾರದೊಳಗೆ ಎರಡೂ ಬಗೆ ತಂತಿಯವೇ.

ನಿಜವಾಗಿ ನಿಸ್ತಂತು ನೆರವಾಗುವುದು ಬೇರೊಂದು ಕೆಲಸಕ್ಕೆ. ವೃತ್ತಿಯವರ ಕ್ಯಾಮೆರಾದ ತಲೆಯಲ್ಲಿ ಸೆಕೆಂಡಿಗೆ 512 ಸಲ ಮಿಡಿಯುವ ಪುಟ್ಟ ಪ್ರೇಷಕ ಇರುತ್ತದೆ. ಇಷ್ಟು ನಿಧಾನದ ಕಾಂತೀಯ ಮಿಡಿತ ಮಣ್ಣನ್ನೂ ಬೀಡುಕಬ್ಬಿಣವನ್ನೂ ದಾಟಿ ಮೇಲೆ ಬರುತ್ತದೆ. ಚಿತ್ರ ಹೊರುವ ಶಕ್ತಿ ಅದಕ್ಕಿಲ್ಲ, ‘ನಾನು ಇಲ್ಲಿದ್ದೇನೆ’ ಎಂದಷ್ಟೇ ಹೇಳಬಲ್ಲದು. ಅಂಗಳದ ಮೇಲೆ ಗ್ರಾಹಕ ಯಂತ್ರ ಹಿಡಿದು ನಡೆದರೆ ಅಗೆಯಬೇಕಾದ ಜಾಗ ಸಿಗುತ್ತದೆ. ನೋಡಲು ತಂತಿ, ಎಲ್ಲಿ ಎಂದು ತಿಳಿಯಲು ಅಲೆ. ಈ ಹಂಚಿಕೆ ನೆನಪಿದ್ದರೆ ಅಂಗಡಿಯಲ್ಲಿ ಮೋಸಹೋಗುವ ಭಯವಿಲ್ಲ.

ಮನೆಯವರು ನೋಡಬೇಕಾದದ್ದು

ತಂತಿ ಚಿತ್ರವನ್ನಷ್ಟೇ ತರುವುದಿಲ್ಲ. ಕ್ಯಾಮೆರಾಕ್ಕೆ ವಿದ್ಯುತ್ತು ಕೊಡುತ್ತದೆ, ದೀಪ ಉರಿಸುತ್ತದೆ, ಕಣ್ಣನ್ನು ಮುಂದೆ ತಳ್ಳುತ್ತದೆ, ಸಿಕ್ಕಿಕೊಂಡರೆ ಹಿಂದಕ್ಕೆ ಎಳೆದು ತರುತ್ತದೆ. ಎಷ್ಟು ಅಡಿ ಒಳಗೆ ಹೋಯಿತೆಂದು ಅಳೆಯುವ ಮಾಪವೂ ಅದೇ. ಆದ್ದರಿಂದ ಕೊಳ್ಳುವಾಗ ಮೊದಲು ತಂತಿಯನ್ನೇ ಪರೀಕ್ಷಿಸಬೇಕು. ತೀರ ಮೆದುವಾದ ತಂತಿ ಕೊಳವೆಯೊಳಗೆ ಸುರುಳಿಯಾಗುತ್ತದೆ, ಮುಂದೆ ಹೋಗುವುದಿಲ್ಲ. ತೀರ ಗಡಸಾದದ್ದು ಮೊದಲ ತಿರುವಿನಲ್ಲೇ ನಿಲ್ಲುತ್ತದೆ. ಬಚ್ಚಲಿನಿಂದ ಬೀದಿಯ ಚೇಂಬರಿಗೆ 10 ಮೀಟರ್ ಇದ್ದರೆ 5 ಮೀಟರಿನ ತಂತಿ ಯಾವ ಪ್ರಯೋಜನಕ್ಕೂ ಬಾರದು. ಫೋನಿಗೆ ನೇರ ಸಿಕ್ಕಿಸುವ ಸಾಮಾನ್ಯ ಯುಎಸ್‌ಬಿ ತಂತಿಯಲ್ಲಿ 5 ಮೀಟರ್ ಮೀರಿದರೆ ಸಂಕೇತ ಕುಂದುತ್ತದೆ ಎಂಬುದೂ ನೆನಪಿರಲಿ.

ಎರಡನೆಯದು ಕಣ್ಣಿನ ಗಾತ್ರ. ಕೈಬೇಸಿನಿನ ಕಿರುಕೊಳವೆಗೆ 8 ಮಿಲಿಮೀಟರಿನ ತಲೆ ಸಾಕು. ಆದರೆ ಕಕ್ಕಸಿನಿಂದ ಹೊರಡುವ 110 ಮಿಲಿಮೀಟರ್ ಕೊಳವೆಯಲ್ಲಿ ಅದು ತಳದ ಕೆಸರಲ್ಲೇ ತೆವಳುತ್ತದೆ, ಅದರ ಮಿಣುಕು ದೀಪ ಮೇಲಿನ ಗೋಡೆಗೆ ಮುಟ್ಟುವುದಿಲ್ಲ. ದೊಡ್ಡ ಕೊಳವೆಗೆ 20 ಮಿಲಿಮೀಟರಿನ ಆಸುಪಾಸಿನ ತಲೆಯೇ ಬೇಕು. ಮೂರನೆಯದು, ನೀರು ಒಳನುಗ್ಗದ ರಕ್ಷಣೆ. ಐಪಿ 67 ಎಂಬ ಗುರುತಿದ್ದರೆ 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಕಟ್ಟಿಕೊಂಡ ಗಟಾರಕ್ಕೆ ಅಷ್ಟಾದರೂ ಇರಲೇಬೇಕು.

ಇನ್ನು ಉಳಿದದ್ದು ಪರದೆಯ ಪ್ರಶ್ನೆ. ತಂತಿ ನೇರವಾಗಿ ಸೇರುವ ಸ್ವಂತ ಪರದೆಯುಳ್ಳದ್ದರಲ್ಲಿ ಚಿತ್ರ ತಡವಾಗದೆ ಬರುತ್ತದೆ, ಕೈ ತಳ್ಳಿದಂತೆ ಕಣ್ಣು ನೋಡುತ್ತದೆ. ವೈ-ಫೈಯದರಲ್ಲಿ ಚಿತ್ರ ತುಸು ಹಿಂದೆ ಬೀಳುತ್ತದೆ, ಪೆಟ್ಟಿಗೆಯ ಬ್ಯಾಟರಿ, ಫೋನಿನ ಬ್ಯಾಟರಿ ಎರಡನ್ನೂ ನೋಡಿಕೊಳ್ಳಬೇಕು. ಆ್ಯಪ್ ತಯಾರಿಸಿದವರು ಅದನ್ನು ಕೈಬಿಟ್ಟರೆ ಕ್ಯಾಮೆರಾ ಕುರುಡು. ಅದರ ಲಾಭವೆಂದರೆ ಒಬ್ಬರು ಹಿತ್ತಲಲ್ಲಿ ತಳ್ಳುವಾಗ ಇನ್ನೊಬ್ಬರು ಆರಾಮಾಗಿ ದೂರ ನಿಂತು ನೋಡಬಹುದು. ಬರೇ ಗಟಾರಕ್ಕೆಂದು ಕೊಳ್ಳುವವರಿಗೆ ತಂತಿಯದೇ ಲೇಸು. ವರ್ಷಕ್ಕೊಮ್ಮೆ ಬೇಸಿನ್ ನೋಡುವವರಿಗೆ ಯಾವುದಾದರೂ ನಡೆದೀತು. ಓಣಿಯ ನಾಲ್ಕು ಮನೆಯವರು ಸೇರಿ ಒಂದು ಒಳ್ಳೆಯದನ್ನು ಇಟ್ಟುಕೊಳ್ಳುವುದು ಇನ್ನೂ ಜಾಣತನ.

ಕ್ಯಾಮೆರಾ ಇಳಿಸುವ ಜಾಗವೂ ಮುಖ್ಯ. ಕಕ್ಕಸಿನ ತೊಟ್ಟಿಯ ಕೆಳಗೆ, ಬೇಸಿನಿನಡಿ ನೀರು ನಿಲ್ಲುವ ಬಾಗು ಇರುತ್ತದೆ. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟ್ ಪಡೆದ ಉಪಾಯವದು. ನಿಂತ ನೀರು ನಾತವನ್ನು ತಡೆಯುತ್ತದೆ, ಕ್ಯಾಮೆರಾವನ್ನೂ ತಡೆಯುತ್ತದೆ. ಹೊರಗಿನ ಚೇಂಬರಿನ ಮುಚ್ಚಳ ತೆಗೆದು ಅಲ್ಲಿಂದ ತಳ್ಳುವುದೇ ಸರಿ.

ಹಗ್ಗದ ಬದಲು ತಂತಿ

ಕ್ಯಾಮೆರಾ ಕಸ ತೆಗೆಯುವುದಿಲ್ಲ. ಬೇರು ನುಗ್ಗಿದೆಯೋ, ಜಿಡ್ಡು ಗಟ್ಟಿಯಾಗಿದೆಯೋ, ಕೊಳವೆ ಒಡೆದಿದೆಯೋ ಎಂದು ಹೇಳುತ್ತದೆ ಅಷ್ಟೆ. ತೆಗೆಯಲು ಒತ್ತಡದ ನೀರು, ಸುರುಳಿ ಸರಳು, ಹೀರುವ ಯಂತ್ರದ ಲಾರಿ ಇವೆ. ಕೇರಳದ ಯುವ ಎಂಜಿನಿಯರುಗಳು 2018ರಲ್ಲಿ ತಿರುವನಂತಪುರದಲ್ಲಿ ಬಳಕೆಗೆ ತಂದ ಬ್ಯಾಂಡಿಕೂಟ್ ಎಂಬ ಯಂತ್ರಕ್ಕೆ ನೋಡುವ ಕ್ಯಾಮೆರಾವೂ ತೆಗೆಯುವ ಕೈಯೂ ಎರಡೂ ಉಂಟು. 2023ರ ಕೇಂದ್ರ ಬಜೆಟ್ಟಿನಲ್ಲಿ ‘ಮ್ಯಾನ್‌ಹೋಲ್’ ಬದಲು ‘ಮಶೀನ್‌ಹೋಲ್’ ಎಂಬ ಮಾತೇ ಬಂತು. ಆಳುಗುಂಡಿಯ ಹೆಸರಿನಿಂದ ಆಳನ್ನು ತೆಗೆಯುವುದು ಸುಲಭ. ಗುಂಡಿಯಿಂದ ತೆಗೆಯುವುದು ನಮ್ಮ ಕೈಯಲ್ಲಿದೆ.

ಏಕೆಂದರೆ ಗಟಾರ ಕಟ್ಟಿದಾಗ ಕಾರಣ ತಿಳಿಯದ ಮನೆಯವರು ಮೊದಲು ಮಾಡುವ ಕೆಲಸ ಯಾರನ್ನಾದರೂ ಕರೆಸುವುದು. ಬಂದವನಿಗೂ ಕಾರಣ ಕಾಣದು. ಆಗ ‘ಸ್ವಲ್ಪ ಇಳಿದು ನೋಡಪ್ಪಾ’ ಎಂಬ ಮಾತು ಬರುತ್ತದೆ. ಆ ಒಂದು ಮಾತಿಗೆ ಎಷ್ಟೋ ಮನೆಗಳ ದೀಪ ಆರಿವೆ. ಹಿಂದೆ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು. ಅವನು ಜಗ್ಗಿದರೆ ಮೇಲೆತ್ತಬೇಕು, ಜಗ್ಗದಿದ್ದರೂ ಎತ್ತಬೇಕು. ಇಂದು ಅದೇ ಕತ್ತಲೆಗೆ ಕಣ್ಣೊಂದನ್ನು ತಂತಿಗೆ ಕಟ್ಟಿ ಇಳಿಸಬಹುದು. ಅದು ಸಿಕ್ಕಿಕೊಂಡು ತುಂಡಾದರೆ ಹೋಗುವುದು ಸಾಮಾನಿನ ಬೆಲೆ ಮಾತ್ರ.

ಕುಮಾರಪಟ್ಟಣದ ಜನ ಒಂದು ಕಾಲಕ್ಕೆ ಹೊಳೆಗೆ ಬೀಳುವ ನೀರನ್ನು ಕಣ್ಣಾರೆ ಕಂಡು ಪ್ರಶ್ನೆ ಕೇಳಿದರು. ಮನೆಯ ಅಂಗಳದಡಿ ಹರಿಯುವ ನೀರಿನ ಬಗ್ಗೆಯೂ ಕೇಳಬೇಕಾದ ಪ್ರಶ್ನೆ ಅದೇ ಬಗೆಯದು: ಒಳಗೆ ಏನಾಗಿದೆ, ನೋಡುವವರು ಯಾರು? ಕ್ಯಾಮೆರಾ ತಂತಿಯದೋ ಅಲ್ಲವೋ ಎಂಬುದು ಆಮೇಲಿನ ಮಾತು. ನೋಡಲು ಮನುಷ್ಯ ಇಳಿಯಬಾರದು ಎಂಬುದು ಮೊದಲಿನದು. ಅಂಗಳಕ್ಕೆ ಟೈಲ್ಸ್ ಹಾಕಿಸುವ ಮುನ್ನ ಚೇಂಬರಿನ ಮುಚ್ಚಳ ತೆಗೆಯಲು ಬರುವಂತಿದೆಯೇ ಎಂದು ನೋಡಿಕೊಳ್ಳುವುದರಿಂದ ಈ ಕೆಲಸ ಆರಂಭವಾಗಲಿ.